ಫೋಲ್ಡಿಂಗ್ ಕ್ಯಾಂಪರ್‌ಗೆ ಆನಿಂಗ್ ಕಟ್ಟೋದು ಹೇಗೆ? ಮೂರು ಗಂಟೆ ಒದ್ದಾಡಿದರೂ ಜಿಪ್ ಬೀಳಲಿಲ್ಲ

ರೆಡಿಂಗ್_ರಾಘು · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಈ ಚಳಿಗಾಲದಲ್ಲಿ ಒಂದು ಹಳೇ ಫೋಲ್ಡಿಂಗ್ ಕ್ಯಾಂಪರ್ ಕೊಂಡೆವು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಾರಿನ ಹಿಂದೆ ಎಳೆದುಕೊಂಡು ಹೋಗುವ ಒಂದು ತಗ್ಗಾದ ಪೆಟ್ಟಿಗೆ ಅದು. ಕ್ಯಾಂಪ್ ಸೈಟಿನಲ್ಲಿ ಮುಚ್ಚಳ ತೆಗೆದು ಎರಡೂ ಕಡೆ ಮಂಚ ಎಳೆದರೆ ಕ್ಯಾನ್ವಾಸ್ ಮನೆ ಎದ್ದು ನಿಲ್ಲುತ್ತದೆ. ಒಲೆ, ಸಿಂಕ್, ಸೋಫಾ ಎಲ್ಲ ಒಳಗೇ ಇವೆ. ಹದಿನೈದು ನಿಮಿಷದ ಕೆಲಸ. ಅದರಲ್ಲಿ ನಮಗೆ ತಕರಾರಿಲ್ಲ.

ತಕರಾರು ಇರುವುದು ಅದರ ಮುಂದೆ ಕಟ್ಟುವ ಬಟ್ಟೆಯ ಕೋಣೆ, ಅಂದರೆ ಆನಿಂಗ್ ಜೊತೆ. ನಿನ್ನೆ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಮೊದಲ ಪ್ರಯೋಗ. ಸಂಜೆ ನಾಲ್ಕಕ್ಕೆ ಶುರು ಮಾಡಿದ್ದು, ಏಳು ಗಂಟೆಗೆ ಸಾಕಪ್ಪಾ ಅಂತ ಬಿಟ್ಟೆವು. ಎಡಗಡೆ ಬಟ್ಟೆ ತಮಟೆಯ ಹಾಗೆ ಬಿಗಿ. ಬಲಗಡೆ ಒಣಗಲು ಹಾಕಿದ ಲುಂಗಿಯ ಹಾಗೆ ಜೋತಾಡುತ್ತಿತ್ತು. ಮುಂದಿನ ಬಾಗಿಲ ಜಿಪ್ ಒಂದು ಗೇಣು ಬಾಕಿ ಇರುವಾಗ ನಿಂತಿತು. ಎಷ್ಟು ಎಳೆದರೂ ಊಹೂಂ. ಹೆಂಡತಿ ಒಂದು ಗಳ ಹಿಡಿದುಕೊಂಡು ಇಪ್ಪತ್ತು ನಿಮಿಷ ನಿಂತಿದ್ದಳು. ಅದು ಬೇಕಾದ ಗಳವೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಮನೆಗೆ ಬರುವವರೆಗೂ ಮಾತಿಲ್ಲ.

ರಾತ್ರಿ ಮಳೆ. ಆನಿಂಗ್ ಸೂರಿನ ಮಧ್ಯೆ ಒಂದು ಕೊಡ ನೀರು ನಿಂತಿತು. ಒಳಗಿನಿಂದ ಪೊರಕೆಯಲ್ಲಿ ಮೇಲಕ್ಕೆ ತಳ್ಳಿದೆ, ಅಷ್ಟೂ ನೀರು ಮಕ್ಕಳ ಶೂಗಳ ಮೇಲೆ.

ಕೇಳಬೇಕಾದ್ದು ಮೂರು. ಯಾವುದು ಮೊದಲು, ಯಾವುದು ಆಮೇಲೆ? ನೀರು ನಿಲ್ಲದ ಹಾಗೆ ಏನು ಮಾಡಬೇಕು? ಆನಿಂಗ್ ಒಳಗೆ ಸಾಮಾನು ಹೇಗೆ ಇಟ್ಟುಕೊಳ್ಳುತ್ತೀರಿ? ನಮ್ಮದು ಸಂತೆಯ ಹಾಗಿತ್ತು.

ಹಳೇ_ಡೇರೆ · ಭಾನುವಾರ ರಾತ್ರಿ 9:58

ಎರಡು ಪ್ರಶ್ನೆ. ಆನಿಂಗ್ ಮುಟ್ಟುವ ಮುಂಚೆ ಕ್ಯಾಂಪರ್ ಮಟ್ಟ ಮಾಡಿದಿರಾ? ಗೂಟ ಹೊಡೆಯುವಾಗ ಬಾಗಿಲ ಜಿಪ್ ಹಾಕಿತ್ತಾ, ತೆಗೆದಿತ್ತಾ?

ರೆಡಿಂಗ್_ರಾಘು · ಭಾನುವಾರ ರಾತ್ರಿ 10:03

ಮಟ್ಟ ಕಣ್ಣಂದಾಜಿನಲ್ಲಿ ನೋಡಿದೆ ಸರ್. ಜಿಪ್ ತೆಗೆದಿತ್ತು. ಓಡಾಡಲು ಬೇಕಲ್ಲ?

ಹಳೇ_ಡೇರೆ · ಭಾನುವಾರ ರಾತ್ರಿ 10:31

ಅಲ್ಲೇ ಇದೆ ನೋಡಿ ರೋಗ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಆನಿಂಗ್ ನೇತಾಡುವುದು ಕ್ಯಾಂಪರ್‌ನಿಂದ. ಕ್ಯಾಂಪರ್ ಎರಡು ಇಂಚು ವಾಲಿದ್ದರೆ ಆನಿಂಗ್ ಕೂಡ ವಾಲಿಕೊಂಡೇ ಇಳಿಯುತ್ತದೆ. ಆಮೇಲೆ ಮುಂದಿನ ಕಾಲು ಎತ್ತಿ ಇಳಿಸಿ ಏನೇ ಮಾಡಿದರೂ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಹಾಗಾಗಿ ಮೊದಲು ಎಡ-ಬಲ ಮಟ್ಟ. ತಗ್ಗಿನ ಕಡೆಯ ಚಕ್ರ ದಿಮ್ಮಿಯ ಮೇಲೆ ಹತ್ತಬೇಕು. ಆಮೇಲೆ ಜಾಕಿ ಚಕ್ರ (ಮುಂದಿನ ಪುಟ್ಟ ಚಕ್ರ) ತಿರುಗಿಸಿ ಹಿಂದೆ-ಮುಂದೆ ಮಟ್ಟ. ಮೂಲೆಯ ನಾಲ್ಕು ಸ್ಟೆಡಿ ಕಾಲುಗಳನ್ನು ಕೊನೆಗೆ ಇಳಿಸಿ. ಅವು ಅಲುಗಾಡದ ಹಾಗೆ ಹಿಡಿಯಲು ಇರುವುದು, ಜ್ಯಾಕ್ ಥರ ಬಂಡಿ ಎತ್ತಲು ಅಲ್ಲ. ಎತ್ತಿದರೆ ಬಗ್ಗುತ್ತವೆ. ಅಗ್ಗದ ರಸಮಟ್ಟ (ಸ್ಪಿರಿಟ್ ಲೆವೆಲ್) ಸಾಕು, ಅದನ್ನು ಬಾಗಿಲ ಹೊಸ್ತಿಲ ಮೇಲೆ ಇಡಿ.

ಈಗ ಆನಿಂಗ್. ಕ್ಯಾಂಪರ್ ಜೊತೆ ಸೇರಿಸಲು ಕೆಲವಕ್ಕೆ ಜಿಪ್ ಇರುತ್ತದೆ, ಕೆಲವಕ್ಕೆ ಅಂಚಿನ ದಪ್ಪ ಹುರಿಯನ್ನು ಹಳಿಯೊಳಗೆ ತೂರಿಸಿ ಎಳೆಯಬೇಕು. ಯಾವುದೇ ಆದರೂ ಎರಡೂ ತುದಿ ಸಮ ಬಂದಿದೆಯಾ ನೋಡಿಕೊಂಡೇ ಮುಂದಕ್ಕೆ ಹೋಗಿ. ಸೂರಿನ ಗಳಗಳಲ್ಲಿ ಮಧ್ಯದ್ದು ಮೊದಲು, ಮೂಲೆಯವು ಆಮೇಲೆ. ಕ್ಲಾಂಪುಗಳನ್ನು ಅರ್ಧ ಮಾತ್ರ ಬಿಗಿ ಮಾಡಿ.

ಇನ್ನು ಮುಖ್ಯವಾದ್ದು. ಗೂಟ ಮುಟ್ಟುವ ಮುಂಚೆ ಇರುವ ಬರುವ ಜಿಪ್ಪೆಲ್ಲ ಹಾಕಿ. ಬಾಗಿಲು, ಪಕ್ಕದ ಗೋಡೆ, ಎಲ್ಲ. ಜಿಪ್ ತೆಗೆದಿಟ್ಟು ಗೂಟ ಹೊಡೆದರೆ ಬಾಗಿಲು ತನಗೆ ಬೇಕಾದಷ್ಟು ಅಗಲ ಆಗುತ್ತದೆ. ಆಮೇಲೆ ಎರಡು ಅಂಚು ಸೇರುವುದಿಲ್ಲ. ಅದೇ ನಿಮ್ಮ ಒಂದು ಗೇಣು. ಓಡಾಡಲು ಹೊರಗಿನಿಂದ ಸುತ್ತಿ ಬನ್ನಿ, ಹತ್ತು ಹೆಜ್ಜೆ.

ಕ್ಯಾಂಪರ್ ಪಕ್ಕದ ಎರಡು ಮೂಲೆಗೆ ಮೊದಲು ಗೂಟ. ಆಮೇಲೆ ಮುಂದಿನ ಎರಡು ಮೂಲೆ. ಉಳಿದದ್ದೆಲ್ಲ ಆಮೇಲೆ. ಕೊನೆಯಲ್ಲಿ ಗಳಗಳನ್ನು ಎತ್ತಿ ಬಿಗಿ ಮಾಡಿದರೆ ಬಟ್ಟೆಯ ಸುಕ್ಕು ತಾನೇ ಹೋಗುತ್ತದೆ.

ಮ್ಯಾಂಚೆಸ್ಟರ್_ಮೊಳಕಾಲ್ಮೂರು · ಭಾನುವಾರ ರಾತ್ರಿ 10:40

ಊರಲ್ಲಿ ಗೂಟದ ಕಾರು ಬೇಕು ಅಂತ ಕನಸು ಕಂಡವನು ಇಲ್ಲಿ ಬಂದು ಕಾರಲ್ಲಿ ಗೂಟ ತುಂಬಿಕೊಂಡು ಓಡಾಡುತ್ತಿದ್ದೇನೆ.

ಶಿರಸಿಯವಳು · ಭಾನುವಾರ ರಾತ್ರಿ 10:52

ರಾಘು ಅವರೇ, ಗಳಗಳಿಗೆ ಬಣ್ಣದ ಟೇಪ್ ಸುತ್ತಿ. ಸೂರಿಗೆ ಕೆಂಪು, ಮುಂದಿನ ಕಾಲಿಗೆ ಹಳದಿ, ಅಡ್ಡಕ್ಕೆ ನೀಲಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಉಳಿದರ್ಧಕ್ಕೆ ಯಾರ ಹತ್ತಿರವೂ ಟೇಪ್ ಇಲ್ಲ.

ನೀರಿನ ವಿಷಯ ನನಗೆ ಹೇಳಿಕೊಟ್ಟದ್ದು ಅಪ್ಪ. ಎರಡು ವರ್ಷದ ಹಿಂದೆ ಊರಿಂದ ಬಂದಿದ್ದರು, ಲೇಕ್ ಡಿಸ್ಟ್ರಿಕ್ಟ್ ಕಡೆಯ ಕೆಸ್ವಿಕ್ ಹತ್ತಿರ ಒಂದು ಸೈಟಿಗೆ ಕರೆದುಕೊಂಡು ಹೋಗಿದ್ದೆವು. ನಾವಿಬ್ಬರೂ ಮುಂದಿನ ಮೂರೂ ಕಾಲುಗಳನ್ನು ಒಂದೇ ಎತ್ತರಕ್ಕೆ, ಅಳತೆ ಹಿಡಿದು ನಿಲ್ಲಿಸಿದ್ದೆವು. ಅಪ್ಪ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಾ ನೋಡುತ್ತಿದ್ದರು. ಜೀವಮಾನವೆಲ್ಲಾ ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ ಹಾಕಿದವರು. "ಇದಕ್ಕೆ ಇಳಿಜಾರೇ ಇಲ್ಲವಲ್ಲೇ, ನೀರು ಎಲ್ಲಿಗೆ ಹೋಗಬೇಕು?" ಅಂದರು. ಎದ್ದು ಬಂದು ಬಲಗಡೆಯ ಕಾಲನ್ನು ನಾಲ್ಕು ಬೆರಳು ಇಳಿಸಿದರು. ಮಧ್ಯದ್ದನ್ನು ಎರಡು ಬೆರಳು ಎತ್ತಿದರು. ಅಷ್ಟೇ. ಆ ರಾತ್ರಿ ಲೇಕ್ ಡಿಸ್ಟ್ರಿಕ್ಟ್ ಮಳೆ ಪೂರ್ತಿ ಆ ಒಂದು ಮೂಲೆಯಿಂದ ಸುರಿಯಿತು. ಬೆಳಿಗ್ಗೆ ಅಲ್ಲಿ ಬಕೆಟ್ ತುಂಬಿತ್ತು. ಅದರಲ್ಲೇ ಪಾತ್ರೆ ತೊಳೆದರು!

ಧಾರವಾಡ_ಪೇಡೆ · ಭಾನುವಾರ ರಾತ್ರಿ 11:15

ಅಕ್ಕಾವರ ಅಪ್ಪಾಜಿಗೆ ನಮಸ್ಕಾರ ಹೇಳ್ರಿ. ಒಂದು ಸೇರಿಸುತ್ತೇನೆ. ಸೂರಿನ ಮಧ್ಯೆ ಬಟ್ಟೆ ಅಗಲ ಜಾಸ್ತಿ ಇದ್ದರೆ ಇನ್ನೊಂದು ಗಳ ಹೆಚ್ಚಿಗೆ ಹಾಕಬೇಕು. ಅಳತೆ ಹೊಂದಿಸುವ ಗಳ ಬಿಡಿಯಾಗಿ ಸಿಗುತ್ತದೆ.

ಗೂಟದ ಬಗ್ಗೆ: ಕ್ಯಾಂಪರ್ ಜೊತೆ ಬಂದ ತೆಳು ತಂತಿಯ ಗೂಟಗಳನ್ನು ಹಾಗೇ ಕಸಕ್ಕೆ ಹಾಕಿ. ಹುಲ್ಲಿಗೆ ಪ್ಲಾಸ್ಟಿಕ್ ಅಗಲ ಗೂಟ. ಜಲ್ಲಿ ಹಾಕಿದ ಪಿಚ್ (ಕ್ಯಾಂಪರ್ ನಿಲ್ಲಿಸುವ ಜಾಗ) ಆದರೆ ದಪ್ಪ ಮೊಳೆಯಂಥ ಉಕ್ಕಿನ ರಾಕ್ ಪೆಗ್. ನಾನಂತೂ ಈಗ ಸ್ಕ್ರೂ ಗೂಟಕ್ಕೆ ಬಂದಿದ್ದೇನೆ. ಡ್ರಿಲ್‌ಗೆ ಸಿಕ್ಕಿಸಿ ಗುರ್ರ್ ಅಂದರೆ ಒಳಗೆ, ಉಲ್ಟಾ ತಿರುಗಿಸಿದರೆ ಹೊರಗೆ. ಸುತ್ತಿಗೆಯ ಕಾಲ ಮುಗಿಯಿತು.

ಹಳೇ_ಡೇರೆ · ಭಾನುವಾರ ರಾತ್ರಿ 11:22

ಬೆಳಿಗ್ಗೆ ಆರಕ್ಕೆ ಪಕ್ಕದ ಪಿಚ್‌ನಲ್ಲಿ ಗುರ್ರ್ ಅನ್ನಿಸಿದವರು ನೀವೇನಾ?

ಧಾರವಾಡ_ಪೇಡೆ · ಭಾನುವಾರ ರಾತ್ರಿ 11:24

ಸುತ್ತಿಗೆ ಏನು ವೀಣೆ ನುಡಿಸಿದ ಹಾಗೆ ಕೇಳುತ್ತದೇನ್ರಿ?

ಬಿಸಿಬೇಳೆ_ಬಾತ್ · ಸೋಮವಾರ ಬೆಳಿಗ್ಗೆ 8:05

ಗೂಟದ ವಾಲು ಯಾರೂ ಹೇಳಲಿಲ್ಲ. ತಲೆ ಆನಿಂಗ್‌ನಿಂದ ಆಚೆ ವಾಲಿರಬೇಕು, ಮೊನೆ ಆನಿಂಗ್ ಕಡೆಗೆ. 45 ಡಿಗ್ರಿ. ನೆಟ್ಟಗೆ ಹೊಡೆದರೆ ಗಾಳಿ ಕಿತ್ತು ಹಾಕುತ್ತದೆ.

ಸಾಮಾನು ಜೋಡಿಸುವುದು ನನ್ನ ಇಲಾಖೆ. ನಮ್ಮ ಮನೆಯಲ್ಲಿ ಆನಿಂಗ್‌ಗೆ ಜಗಲಿ ಅಂತಲೇ ಹೆಸರು. ಬಾಗಿಲಲ್ಲೇ ಒಂದು ಪ್ಲಾಸ್ಟಿಕ್ ಟ್ರೇ. ಹೊರಗಿನ ಚಪ್ಪಲಿ, ಶೂ ಅದರಲ್ಲೇ ಬಿಡಬೇಕು, ಅದನ್ನು ದಾಟಿ ಒಳಗೆ ಬರುವ ಹಾಗಿಲ್ಲ. ಎಡಗಡೆ ಒದ್ದೆ, ಬಲಗಡೆ ಒಣ. ಒದ್ದೆಯ ಕಡೆ ಮಳೆ ಕೋಟು, ಟವೆಲ್, ನೀರಿನ ಡ್ರಮ್. ಒಣಗಿದ ಕಡೆ ಮಡಚುವ ಶೆಲ್ಫ್, ಅದರಲ್ಲಿ ಅಕ್ಕಿ, ಬೇಳೆ, ಮಸಾಲೆ ಡಬ್ಬಿ. ಡಬ್ಬಿಗಳು ಮುಚ್ಚಳ ಗಟ್ಟಿ ಇರುವಂಥವೇ ಆಗಲಿ. ರಾತ್ರಿ ಮುಳ್ಳುಹಂದಿ ಬಂದರೆ ಕ್ಷಮಿಸಬಹುದು, ಇಲಿ ಬಂದರೆ ನನ್ನ ಗಂಡ ಕಾರಿನಲ್ಲಿ ಹೋಗಿ ಮಲಗುತ್ತಾರೆ.

ಇನ್ನೊಂದು. ನಿಮ್ಮದು ಹತ್ತಿ ಕ್ಯಾನ್ವಾಸ್ ಆದರೆ ಗೋಡೆಗೆ ಏನೂ ತಾಗಬಾರದು. ಮಳೆಯಲ್ಲಿ ಒಳಗಿನಿಂದ ಚೀಲ ತಾಗಿಕೊಂಡಿದ್ದರೆ ಅಲ್ಲಿಂದಲೇ ನೀರು ಒಸರುತ್ತದೆ. ನಮ್ಮ ರವೆ ಚೀಲ ಹಾಗೇ ಹೋಯಿತು. ಐದು ಕಿಲೋ. ಬೆಳಿಗ್ಗೆ ಇಡ್ಲಿ ಹಿಟ್ಟಾಗಿತ್ತು, ಉದ್ದು ಒಂದೇ ಬಾಕಿ.

ಕೋಲಾರದ_ಚಿನ್ನ · ಸೋಮವಾರ ಬೆಳಿಗ್ಗೆ 8:30

ಮುಳ್ಳುಹಂದಿ ಅಲ್ಲ ಮೇಡಂ. ಇಲ್ಲಿಯದು ಹೆಜ್‌ಹಾಗ್, ಅಂಗೈಗಿಂತ ಸ್ವಲ್ಪ ದೊಡ್ಡದು. ನಮ್ಮ ಮುಳ್ಳುಹಂದಿ ಬಂದರೆ ಶೆಲ್ಫೇ ಇರಲ್ಲ.

ಬಿಸಿಬೇಳೆ_ಬಾತ್ · ಸೋಮವಾರ ಬೆಳಿಗ್ಗೆ 8:33

ಆಯ್ತು ಮಾಷ್ಟ್ರೇ.

ಸ್ಲೌ_ಸುಬ್ಬು · ಸೋಮವಾರ ಮಧ್ಯಾಹ್ನ 12:50

ನಾನು ಒಂದು ಉಲ್ಟಾ ಮಾತು ಹೇಳಲಾ? ಎರಡು ರಾತ್ರಿಗೆ ಆನಿಂಗ್ ಯಾಕ್ರೀ ಬೇಕು? ಶುಕ್ರವಾರ ಸಂಜೆ ಕಟ್ಟಿ ಭಾನುವಾರ ಬೆಳಿಗ್ಗೆ ಬಿಚ್ಚಿ, ಒದ್ದೆ ಬಟ್ಟೆ ಮನೆಗೆ ತಂದು ಒಣಗಿಸಿ... ಇದು ರಜೆಯೋ ಕೂಲಿಯೋ? ಕೆಲವು ಸೈಟಿನಲ್ಲಿ ಆನಿಂಗ್‌ಗೆ ಬೇರೆ ದುಡ್ಡು ಬೇರೆ ಕೇಳುತ್ತಾರೆ. ನಾವು ಒಂದು ಟಾರ್ಪಾಲು, ಎರಡು ಗಳ, ನಾಲ್ಕು ಹಗ್ಗ. ಹತ್ತೇ ನಿಮಿಷ. ಒಂದು ವಾರ ಇದ್ದರೆ ಮಾತ್ರ ಪೂರ್ತಿ ಆನಿಂಗ್.

ಶಿರಸಿಯವಳು · ಸೋಮವಾರ ಮಧ್ಯಾಹ್ನ 1:10

ಇಬ್ಬರು ಮಕ್ಕಳು, ಒಂದು ನಾಯಿ, ವೇಲ್ಸ್ ಮಳೆ. ಒಂದು ಸಲ ಟಾರ್ಪಾಲಿನಲ್ಲಿ ಇದ್ದು ನೋಡಿ, ಆಮೇಲೆ ಮಾತಾಡೋಣ.

ರೆಡಿಂಗ್_ರಾಘು · ಸೋಮವಾರ ಮಧ್ಯಾಹ್ನ 1:35

ಸುಬ್ಬು ಅವರ ಮಾತು ಹೆಂಡತಿಗೆ ತೋರಿಸಿದೆ. "ಇವರ ನಂಬರ್ ಇಸ್ಕೊಳ್ಳಿ" ಅಂದಳು.

ಅಡುಗೆ ಎಲ್ಲಿ ಮಾಡುತ್ತೀರಿ? ಕ್ಯಾಂಪರ್ ಒಳಗೆ ಒಗ್ಗರಣೆ ಹಾಕಿದರೆ ಹಾಸಿಗೆಯೆಲ್ಲ ಘಾಟು. ಆನಿಂಗ್‌ನಲ್ಲಿ ಮಾಡಬಹುದಾ? ಹೀಟರ್ ಇಲ್ಲ, ರಾತ್ರಿ ಚಳಿ ಬೇರೆ. ಬಾರ್ಬೆಕ್ಯೂ ಕೆಂಡ ಆರುತ್ತಾ ಬಂದ ಮೇಲೆ ಆನಿಂಗ್ ಒಳಗೆ ಇಟ್ಟುಕೊಂಡರೆ ಬೆಚ್ಚಗೆ ಇರುತ್ತದಲ್ವಾ?

ಹಳೇ_ಡೇರೆ · ಸೋಮವಾರ ಮಧ್ಯಾಹ್ನ 1:38

ಬೇಡ. ಬೇಡ. ಬೇಡ.

ವಾರ್ಡ್_ನಂಬರ್_ಏಳು · ಸೋಮವಾರ ಮಧ್ಯಾಹ್ನ 2:20

ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಈ ಒಂದು ಮಾತನ್ನು ತಮಾಷೆ ಮಾಡದೆ ಓದಿ.

ಇದ್ದಿಲ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ನಿಂತು, ಮೇಲೆ ಬೂದಿ ಮುಚ್ಚಿ, ಆರಿದ ಹಾಗೆ ಕಂಡ ಮೇಲೂ ಗಂಟೆಗಟ್ಟಲೆ ಬರುತ್ತಲೇ ಇರುತ್ತದೆ. ಊರಲ್ಲಿ ಚಳಿಗೆ ಕೋಣೆಯೊಳಗೆ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅನ್ನುವ ಸುದ್ದಿ ಓದಿರುತ್ತೀರಿ. ಅದೇ ಇದು. ಈ ದೇಶದಲ್ಲೂ ಟೆಂಟ್, ಆನಿಂಗ್ ಒಳಗೆ ಬಾರ್ಬೆಕ್ಯೂ ತಂದು ಸತ್ತವರಿದ್ದಾರೆ. ಒಂದು ಬದಿಯ ಬಾಗಿಲು ತೆರೆದಿದೆ ಅಂದರೆ ಸಾಲದು. ಆನಿಂಗ್ ಮತ್ತು ಕ್ಯಾಂಪರ್ ನಡುವೆ ಇರುವುದು ಒಂದು ಪದರ ಬಟ್ಟೆ. ಅಲ್ಲಿ ತುಂಬಿದ್ದು ಮಲಗಿದವರ ಹತ್ತಿರ ಬರುತ್ತದೆ.

ತಲೆನೋವು, ವಾಕರಿಕೆ, ತಲೆ ಸುತ್ತು ಶುರುವಾದರೆ ಎಲ್ಲರೂ ಹೊರಗೆ ಬನ್ನಿ, ಇಲ್ಲಿಯ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ. ಜ್ವರ ಇರಬೇಕು ಅಂತ ಮತ್ತೆ ಮಲಗಬೇಡಿ. ಈ ಅನಿಲ ಪತ್ತೆ ಹಚ್ಚುವ ಅಲಾರಂ ತಗೊಳ್ಳಿ. ಡಬ್ಬದ ಮೇಲೆ ಇಎನ್ 50291-2 ಅಂತ ಇರಬೇಕು, ಅದು ಕ್ಯಾರವಾನ್, ದೋಣಿ ಇಂಥವಕ್ಕೆ ಮಾಡಿದ್ದು. ಅಲಾರಂ ಇದೆ ಅಂತ ಕೆಂಡ ಒಳಗೆ ತರುವ ಹಾಗೂ ಇಲ್ಲ.

ರೆಡಿಂಗ್_ರಾಘು · ಸೋಮವಾರ ಮಧ್ಯಾಹ್ನ 2:31

ಕೇಳಿದ್ದು ಒಳ್ಳೆಯದಾಯಿತು. ಈಗಲೇ ಆರ್ಡರ್ ಮಾಡಿದೆ.

ಮ್ಯಾಂಚೆಸ್ಟರ್_ಮೊಳಕಾಲ್ಮೂರು · ಸೋಮವಾರ ಸಂಜೆ 5:45

ಗ್ಯಾಸ್ ಒಲೆಗೂ ಅದೇ ಎಚ್ಚರ ಬೇಕು. ನಾವು ಅಡುಗೆ ಪೂರ್ತಿ ಹೊರಗೆ, ಗಾಳಿ ತಡೆಯುವ ಪರದೆ ಕಟ್ಟಿಕೊಂಡು ಮಾಡುತ್ತೇವೆ. ಜೋರು ಮಳೆ ಬಂದರೆ ಬ್ರೆಡ್ಡು, ಚಟ್ನಿಪುಡಿ. ಚಳಿಗಾಲದಲ್ಲಿ ನೀಲಿ ಸಿಲಿಂಡರ್ ಬ್ಯೂಟೇನ್ ಒಯ್ಯಬೇಡಿ. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅದು ಆವಿಯಾಗುವುದೇ ಇಲ್ಲ, ಒಲೆ ಮಂಕಾಗುತ್ತದೆ. ಕೆಂಪು ಪ್ರೊಪೇನ್ ಮೈನಸ್ 40ರವರೆಗೂ ನಡೆಯುತ್ತದೆ.

ಕೋಲಾರದ_ಚಿನ್ನ · ಸೋಮವಾರ ಸಂಜೆ 6:10

ಕರೆಂಟ್ ಪಿಚ್ ತಗೊಂಡರೆ ಇಂಡಕ್ಷನ್ ಒಲೆ ಉತ್ತಮ. ಆದರೆ ಲೆಕ್ಕ ಇಟ್ಟುಕೊಳ್ಳಿ. ಸೈಟಿನಲ್ಲಿ 10 ಆಂಪ್ ಅಥವಾ 16 ಆಂಪ್ ಇರುತ್ತದೆ. 10 ಆಂಪ್ ಅಂದರೆ ಸುಮಾರು 2300 ವ್ಯಾಟ್. ಮನೆಯ 3000 ವ್ಯಾಟ್ ಕೆಟಲ್ ಹಾಕಿದರೆ ಟಪ್ ಅಂತ ಹೋಗುತ್ತದೆ. ಇಂಡಕ್ಷನ್ 2000ಕ್ಕೆ ಇಟ್ಟು ದೋಸೆ ಹಾಕುವಾಗ ಅಕ್ಕ ಹೇರ್ ಡ್ರೈಯರ್ ಹಾಕಬಾರದು. ನನ್ನ ಅನುಭವ. ಹಿಟ್ಟು ಕಾವಲಿಯ ಮೇಲಿತ್ತು, ಸೈಟಿನ ವಾರ್ಡನ್ ಬಂದು ಸ್ವಿಚ್ ಎತ್ತುವವರೆಗೆ ಅದು ದೋಸೆಯೂ ಅಲ್ಲ, ಹಿಟ್ಟೂ ಅಲ್ಲ.

ಧಾರವಾಡ_ಪೇಡೆ · ಸೋಮವಾರ ಸಂಜೆ 6:30

ವಾರ್ಡನ್‌ಗೆ ಒಂದು ದೋಸೆ ಕೊಟ್ಟಿರಾ?

ಕೋಲಾರದ_ಚಿನ್ನ · ಸೋಮವಾರ ಸಂಜೆ 6:32

ಮೂರು. ಮರುದಿನ ತಟ್ಟೆ ಹಿಡಿದುಕೊಂಡು ತಾವೇ ಬಂದರು.

ಸ್ಲೌ_ಸುಬ್ಬು · ಸೋಮವಾರ ರಾತ್ರಿ 8:15

ಎಳೆಯುವ ಲೈಸೆನ್ಸ್ ಬಗ್ಗೆ ಒಬ್ಬರು ನನಗೆ ಬೇರೆಯಾಗಿ ಕೇಳಿದ್ದರು, ಇಲ್ಲೇ ಹೇಳುತ್ತೇನೆ. 1997ರ ಜನವರಿ 1ರಿಂದ ಈಚೆಗೆ ಕಾರ್ ಟೆಸ್ಟ್ ಪಾಸಾದವರಿಗೆ ಮುಂಚೆ ಭಾರದ ಟ್ರೈಲರ್‌ಗೆ ಇನ್ನೊಂದು ಟೆಸ್ಟ್ ಬೇಕಿತ್ತು. 2021ರ ಡಿಸೆಂಬರ್ 16ರಿಂದ ಬ್ರಿಟನ್‌ನಲ್ಲಿ ಅದು ಹೋಯಿತು, 3500 ಕಿಲೋವರೆಗೆ ಎಳೆಯಬಹುದು. ನಿಮ್ಮ ಕಾರು ಎಷ್ಟು ಎಳೆಯಬಹುದು ಅನ್ನುವುದು ಬೇರೆ ಲೆಕ್ಕ, ಅದನ್ನು ಕಾರಿನ ಪುಸ್ತಕದಲ್ಲಿ ನೋಡಿ. ಮೋಟರ್‌ವೇಯಲ್ಲಿ ಟ್ರೈಲರ್ ಎಳೆಯುವಾಗ ಗಂಟೆಗೆ 60 ಮೈಲಿ ಮೀರುವ ಹಾಗಿಲ್ಲ.

ಹಾಸನ_ಹುಲ್ಲುಗಾವಲು · ಸೋಮವಾರ ರಾತ್ರಿ 9:00

ನಾನು ಸುಮ್ನೆ ಓದುತ್ತಿದ್ದೆ, ಒಂದು ದುಃಖ ತೋಡಿಕೊಳ್ಳಬೇಕು. ಹೋದ ಸೆಪ್ಟೆಂಬರ್‌ನಲ್ಲಿ ಮಳೆಯಲ್ಲೇ ಬಿಚ್ಚಿದೆವು. ಆನಿಂಗನ್ನು ಒದ್ದೆಯಾಗಿಯೇ ಚೀಲಕ್ಕೆ ತುರುಕಿ ತಂದೆವು. ನಾಳೆ ಒಣಗಿಸೋಣ ಅಂದುಕೊಂಡೆವು. ನಮ್ಮದು ಸಾಲು ಮನೆ, ಹಿತ್ತಲು ಅಂದರೆ ಎರಡು ಕಸದ ಡಬ್ಬ ಇಡುವಷ್ಟು. ಹನ್ನೆರಡು ದಿನ ಆಯಿತು. ಚೀಲ ತೆರೆದರೆ ಹಳಸಿದ ಮೊಸರಿನ ವಾಸನೆ, ಬಿಳಿ ಬಟ್ಟೆಯ ತುಂಬಾ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಏನು ಉಜ್ಜಿದರೂ ಹೋಗಲಿಲ್ಲ. ನೂರಾರು ಪೌಂಡಿನ ಆನಿಂಗ್.

ಶಿರಸಿಯವಳು · ಸೋಮವಾರ ರಾತ್ರಿ 9:20

ಅಯ್ಯೋ ಪಾಪ. ಹತ್ತಿ ಬಟ್ಟೆಗೆ ಒಂದೆರಡು ದಿನ ಸಾಕು ಬೂಷ್ಟು ಹಿಡಿಯಲು. ಬ್ಲೀಚ್ ಮಾತ್ರ ಹಾಕಬೇಡಿ, ದಾರ ಸಾಯುತ್ತದೆ, ನೀರು ತಡೆಯುವ ಗುಣವೂ ಹೋಗುತ್ತದೆ. ನಾವು ಮೆಟ್ಟಿಲ ಕಂಬಿಯ ಮೇಲೆ ಹರವುತ್ತೇವೆ. ಎರಡು ದಿನ ಮನೆಯೊಳಗೆ ಆನಿಂಗ್ ಅಡಿಯಲ್ಲೇ ಓಡಾಟ. ಹೊಸ ಹತ್ತಿ ಆನಿಂಗ್ ತಗೊಂಡವರು ಮೊದಲು ಮನೆಯಲ್ಲೇ ಕಟ್ಟಿ ನೀರು ಹಾಯಿಸಿ ಒಣಗಿಸಿ. ನೂಲು ಉಬ್ಬಿ ಹೊಲಿಗೆಯ ತೂತು ಮುಚ್ಚಿಕೊಳ್ಳುತ್ತದೆ. ಮೊದಲ ಮಳೆಗೆ ಸೋರಿತು ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ.

ಹಳೇ_ಡೇರೆ · ಸೋಮವಾರ ರಾತ್ರಿ 9:45

ಜಗಳಕ್ಕೆ ಹೋಗಬೇಕಾದ್ದು ಸೆಕೆಂಡ್ ಹ್ಯಾಂಡ್ ಕೊಡುವವರ ಜೊತೆ. ನನಗೆ ಒಬ್ಬ ಮಾರಾಯ "ಇದು ಎಲ್ಲಕ್ಕೂ ಆಗುತ್ತೆ" ಅಂತ ಒಂದು ಆನಿಂಗ್ ದಾಟಿಸಿದ. ಪೆನ್ನೈನ್ ಕಂಪನಿಯದಾಗಲಿ ಕಾನ್ವೇ ಕಂಪನಿಯದಾಗಲಿ, ಫೋಲ್ಡಿಂಗ್ ಕ್ಯಾಂಪರ್ ಆನಿಂಗ್ ಆಯಾ ಮಾಡೆಲ್‌ನ ಅಳತೆಗೇ ಹೊಲಿದಿರುವುದು. ಕ್ಯಾರವಾನ್ ಆನಿಂಗ್ ಥರ ಅಲ್ಲ. ಕೊಳ್ಳುವ ಮುಂಚೆ ಅವರ ಅಂಗಳದಲ್ಲೇ ಕಟ್ಟಿಸಿ ನೋಡಿ. ಕಟ್ಟಿ ತೋರಿಸಲು ಒಪ್ಪದವರಿಂದ ತಗೋಬೇಡಿ.

ಇನ್ನು ಗಾಳಿ. ಕ್ಯಾಂಪರ್ ಬೆನ್ನು ಗಾಳಿಗೆ, ಆನಿಂಗ್ ಮರೆಗೆ. ಸೂರಿನ ಮೇಲಿಂದ ಒಂದು ಸ್ಟಾರ್ಮ್ ಪಟ್ಟಿ, ಎರಡೂ ತುದಿಗೆ ಸ್ಪ್ರಿಂಗ್ ಹಾಕಿ ಕಟ್ಟಿ. ಸ್ಪ್ರಿಂಗ್ ಇಲ್ಲದಿದ್ದರೆ ಗಾಳಿಯ ಒಂದೊಂದು ಏಟೂ ನೇರ ಬಟ್ಟೆಗೆ ಬೀಳುತ್ತದೆ. ಬಿರುಗಾಳಿಯ ಮುನ್ಸೂಚನೆ ಇದ್ದರೆ ಹಗಲಲ್ಲೇ ಬಿಚ್ಚಿಡಿ. ರಾತ್ರಿ ಎರಡಕ್ಕೆ ಪೈಜಾಮದಲ್ಲಿ ಗಳ ಹಿಡಿದು ನಿಂತವನ ಮಾತು ಇದು.

ಬಿಸಿಬೇಳೆ_ಬಾತ್ · ಸೋಮವಾರ ರಾತ್ರಿ 10:02

ನೆಲಕ್ಕೆ ಗಾಳಿಯಾಡುವ ಹಾಸು ತಗೊಳ್ಳಿ. ನೀಲಿ ಟಾರ್ಪಾಲು ಹಾಸಿದರೆ ಮೂರು ದಿನಕ್ಕೆ ಹುಲ್ಲು ಹಳದಿ, ಸೈಟಿನವರು ಮುಖ ಗಂಟು ಹಾಕುತ್ತಾರೆ. ಕ್ಯಾಂಪರ್ ಅಡಿಯಿಂದ ಗಾಳಿ ನುಗ್ಗದ ಹಾಗೆ ಕೆಳಗಿನ ಪರದೆ, ಚಕ್ರದ ಮುಚ್ಚಳ ಮರೆಯಬೇಡಿ. ಕಾಲು ತಣ್ಣಗಾಗುವುದು ಅಲ್ಲಿಂದಲೇ. ಜಿಪ್ಪಿಗೆ ಮೇಣದ ಬತ್ತಿ ಉಜ್ಜಿ.

ರೆಡಿಂಗ್_ರಾಘು · ಎರಡು ವಾರದ ನಂತರ, ಭಾನುವಾರ ರಾತ್ರಿ 8:50

ವರದಿ ಒಪ್ಪಿಸುತ್ತಿದ್ದೇನೆ. ಈ ಸಲ ವೇಲ್ಸಿನ ಪೆಂಬ್ರೂಕ್‌ಶೈರ್. ಮೊದಲು ಮಟ್ಟ. ಎಡ ಚಕ್ರದ ಅಡಿಗೆ ಎರಡು ದಿಮ್ಮಿ ಬೇಕಾಯಿತು. ನನ್ನ ಕಣ್ಣಂದಾಜು ಯಾವ ಮಟ್ಟದ್ದು ಅಂತ ಅರ್ಥ ಆಯಿತು. ಗಳಗಳಿಗೆ ಟೇಪ್ ಸುತ್ತಿದ್ದು ಮಗಳು, ಹಾಗಾಗಿ ಎಲ್ಲವೂ ಗುಲಾಬಿಯ ಬೇರೆ ಬೇರೆ ಛಾಯೆ. ಜಿಪ್ಪೆಲ್ಲ ಹಾಕಿಯೇ ಗೂಟ ಹೊಡೆದೆವು. ಒಳಗೆ ಚಾವಿ ಬಿಟ್ಟಿದ್ದೆ, ಅದು ಬೇರೆ ಕಥೆ. ಮುಂದಿನ ಬಲಗಾಲು ನಾಲ್ಕು ಬೆರಳು ತಗ್ಗು. ಮೂಲೆಯಿಂದ ನೀರು ಸುರಿಯುವುದನ್ನು ಹೆಂಡತಿ ಫೋನಿನಲ್ಲಿ ವಿಡಿಯೋ ಮಾಡಿ ಅವರಮ್ಮನಿಗೆ ಕಳಿಸಿದಳು.

ಒಟ್ಟು 55 ನಿಮಿಷ. ಜಗಳ ಒಂದೇ, ಅದೂ ಚಿಕ್ಕದು.

ಆದರೆ ಎಲ್ಲ ಮುಗಿದ ಮೇಲೆ ಒಂದು ಗಳ ಉಳಿದಿದೆ. ಎಲ್ಲೂ ಜಾಗ ಇಲ್ಲ. ಎಲ್ಲಿಯದು ಇದು?

ಹಳೇ_ಡೇರೆ · ಭಾನುವಾರ ರಾತ್ರಿ 9:05

ಫೋಟೋ ಹಾಕಿ. ತುದಿಗೆ ಕೊಕ್ಕೆ ಇದೆಯಾ, ರಬ್ಬರ್ ಇದೆಯಾ?

ರೆಡಿಂಗ್_ರಾಘು · ಭಾನುವಾರ ರಾತ್ರಿ 9:09

ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಏನೂ ಇಲ್ಲ.

ಶಿರಸಿಯವಳು · ಭಾನುವಾರ ರಾತ್ರಿ 9:14

ನಮ್ಮ ಮನೆಯಲ್ಲೂ ಅಂಥದ್ದೇ ಒಂದಿದೆ. ಆರು ವರ್ಷದಿಂದ ಅದರ ಮೇಲೆ ಬಟ್ಟೆ ಒಣಗಿಸುತ್ತಿದ್ದೇವೆ.